ತಂತ್ರಾಂಶದ ಅಚ್ಚು ಯಾರ ಕೈಯಲ್ಲಿದೆ?

2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿಯ 56ನೆಯ ಸಭೆಯು ತೆರಿಗೆ ದರಗಳ ವ್ಯಾಪಕ ಪರಿಷ್ಕರಣೆಗೆ ಒಪ್ಪಿಗೆ ನೀಡಿತು. ಅದೇ ತಿಂಗಳ 22ರಿಂದ ಹೊಸ ದರಗಳು ಜಾರಿಗೆ ಬಂದವು. ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಬಹುಪಾಲು ಸರಕುಗಳು ಶೇ. 5 ಅಥವಾ ಶೇ. 18ರ ಹಂತಕ್ಕೆ ಸರಿದವು. ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ದೊರೆತ ಕಾಲಾವಕಾಶ ಕೇವಲ 19 ದಿನಗಳು. ಸಿದ್ಧ ತಂತ್ರಾಂಶಗಳನ್ನು ಬಳಸುವವರು ತಯಾರಕರು ಒದಗಿಸುವ ಪರಿಷ್ಕರಣೆಯನ್ನು ಅವಲಂಬಿಸಬಹುದು. ಆದರೆ ತಮ್ಮ ವ್ಯವಹಾರಕ್ಕೆಂದೇ ಪ್ರತ್ಯೇಕವಾಗಿ ಬರೆಯಿಸಿಕೊಂಡ ತಂತ್ರಾಂಶವನ್ನು ನೆಚ್ಚಿಕೊಂಡ ಸಂಸ್ಥೆಗಳ ಸ್ಥಿತಿ ಬೇರೆ. ದರದ ಪಟ್ಟಿಯನ್ನು ಪರದೆಯ ಮೇಲೆಯೇ ತಿದ್ದುವ ಅನುಕೂಲವಿದ್ದರೆ ಕೆಲಸ ಸುಲಭ. ದರವನ್ನು ತಂತ್ರಾಂಶದ ಒಡಲೊಳಗೇ ಬರೆದಿಟ್ಟಿದ್ದರೆ, ಬರೆದವರನ್ನು ಹುಡುಕಿಕೊಂಡು ಹೋಗದೆ ಬೇರೆ ದಾರಿಯಿಲ್ಲ.

ಬರೆದವರು ಊರು ಬಿಟ್ಟಿದ್ದರೆ, ಬೇರೆ ಉದ್ಯೋಗ ಹಿಡಿದಿದ್ದರೆ, ಹೊಸಬರೊಬ್ಬರನ್ನು ಕರೆಸಬೇಕಾಗುತ್ತದೆ. ಉದ್ಯಮಿಯು ಜಾಗರೂಕನಾಗಿದ್ದು ಸೋರ್ಸ್ ಕೋಡ್ ಇರುವ ಸಿ.ಡಿ.ಯನ್ನೋ ಪೆನ್‌ಡ್ರೈವನ್ನೋ ಬೀರುವಿನಲ್ಲಿ ಭದ್ರಪಡಿಸಿದ್ದಾನೆಂದೇ ಇಟ್ಟುಕೊಳ್ಳೋಣ. ಆದರೂ ಹೊಸ ಪ್ರೋಗ್ರಾಮರ್ ಕೇಳುವ ಮೊದಲ ಪ್ರಶ್ನೆ ಬೇರೆಯದೇ ಆಗಿರುತ್ತದೆ: "ಇದನ್ನು ಯಾವುದರಲ್ಲಿ ಮಾಡಿದ್ದಾರೆ? ಯಾವ ಆವೃತ್ತಿ? ಆ ಸೆಟಪ್ ಎಲ್ಲಿದೆ?" ಈ ಪ್ರಶ್ನೆಗೆ ಉತ್ತರ ಸಿದ್ಧವಿರುವ ಸಂಸ್ಥೆಗಳು ವಿರಳ. ಉತ್ತರವಿಲ್ಲದ ಸಂಸ್ಥೆಯು ತಂತ್ರಾಂಶದ ಒಡೆತನ ತನ್ನದೆಂದು ಭಾವಿಸಿದ್ದರೂ ವಾಸ್ತವದಲ್ಲಿ ಅದರ ಜುಟ್ಟು ಬೇರೊಬ್ಬರ ಕೈಯಲ್ಲಿರುತ್ತದೆ.

ಕಿಟ್ ಎಂದರೇನು?

ಪೀಣ್ಯದ ಪ್ರೆಸ್ ಷಾಪ್ ನಡೆಸುವವರಿಗಾಗಲಿ ಬೆಳಗಾವಿಯ ಫೌಂಡ್ರಿ ಮಾಲೀಕರಿಗಾಗಲಿ ಈ ವಿಷಯವನ್ನು ವಿವರಿಸುವುದು ಕಷ್ಟವಲ್ಲ. ಬಿಡಿಭಾಗವೊಂದರ ಡ್ರಾಯಿಂಗ್ ಕೈಯಲ್ಲಿದ್ದ ಮಾತ್ರಕ್ಕೆ ಬಿಡಿಭಾಗ ಹುಟ್ಟುವುದಿಲ್ಲ. ಡೈ ಬೇಕು, ಪ್ಯಾಟರ್ನ್ ಬೇಕು, ಜಿಗ್ ಮತ್ತು ಫಿಕ್ಸ್ಚರ್ ಬೇಕು, ಅವುಗಳನ್ನು ಕೂರಿಸಲು ತಕ್ಕ ಯಂತ್ರವೂ ಬೇಕು. ಆದ್ದರಿಂದಲೇ ಡೈ ಯಾರದು, ಪ್ಯಾಟರ್ನ್ ಯಾರ ಬಳಿ ಇರತಕ್ಕದ್ದು ಎಂಬುದನ್ನು ಅನುಭವಸ್ಥರು ಆರ್ಡರಿನಲ್ಲಿಯೇ ಸ್ಪಷ್ಟಪಡಿಸಿಕೊಳ್ಳುತ್ತಾರೆ.

ತಂತ್ರಾಂಶದ ವಿಷಯದಲ್ಲಿ ಸೋರ್ಸ್ ಕೋಡ್ ಎಂಬುದು ಡ್ರಾಯಿಂಗ್ ಇದ್ದಂತೆ. ಆ ಕೋಡನ್ನು ಗಣಕಯಂತ್ರದಲ್ಲಿ ಓಡುವ ತಂತ್ರಾಂಶವನ್ನಾಗಿ ಪರಿವರ್ತಿಸುವ ಉಪಕರಣಗಳ ಸಮೂಹವೇ ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಕಿಟ್, ಸಂಕ್ಷಿಪ್ತವಾಗಿ ಎಸ್‌ಡಿಕೆ. ಕಂಪೈಲರ್, ಸಿದ್ಧ ಲೈಬ್ರರಿಗಳು, ಪರೀಕ್ಷಾ ಸಾಧನಗಳು ಇವೆಲ್ಲವೂ ಅದರೊಳಗಿರುತ್ತವೆ. ಡೈಯನ್ನು ಕೂರಿಸುವ ಯಂತ್ರದ ಸ್ಥಾನದಲ್ಲಿರುವುದು ಆಪರೇಟಿಂಗ್ ಸಿಸ್ಟಮ್, ಅಂದರೆ ವಿಂಡೋಸ್, ಲಿನಕ್ಸ್ ಅಥವಾ ಮ್ಯಾಕ್. ಒಂದೇ ಯಂತ್ರಕ್ಕೆ ಮಾತ್ರ ಹೊಂದುವ ಡೈ ಆ ಯಂತ್ರ ಮೂಲೆ ಸೇರಿದ ದಿನ ತಾನೂ ಮೂಲೆ ಸೇರುತ್ತದೆ. ಒಂದೇ ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ ಹೊಂದುವ ಕಿಟ್‌ನ ಹಣೆಬರಹವೂ ಇದಕ್ಕಿಂತ ಭಿನ್ನವಲ್ಲ.

ಹಳೆಯ ಪಾಠಗಳು

ಇದು ಊಹೆಯ ಮಾತಲ್ಲ. ಡಾಸ್ ಕಾಲದಲ್ಲಿ ಫಾಕ್ಸ್‌ಪ್ರೋದಲ್ಲಿ ಬರೆಯಿಸಿದ ದಾಸ್ತಾನು ಮತ್ತು ಲೆಕ್ಕಪತ್ರದ ತಂತ್ರಾಂಶಗಳನ್ನು ಹಲವರು ದೀರ್ಘಕಾಲ ಬಳಸಿದರು. ಆ ಸಾಲಿನ ಕೊನೆಯ ಆವೃತ್ತಿಯಾದ ವಿಷುಯಲ್ ಫಾಕ್ಸ್‌ಪ್ರೋ 9 ಹೊರಬಂದದ್ದು 2004ರಲ್ಲಿ. ಅದಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2015ರ ಜನವರಿಯಲ್ಲಿ ಮುಗಿಯಿತು. 64 ಬಿಟ್ ವಿಂಡೋಸ್ ಡಾಸ್ ಕಾಲದ ತಂತ್ರಾಂಶಗಳನ್ನು ನೇರವಾಗಿ ಓಡಿಸುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ.

ವಿಷುಯಲ್ ಬೇಸಿಕ್ 6ರ ಕಥೆ ಇನ್ನಷ್ಟು ಬೋಧಪ್ರದವಾದುದು. 1998ರಲ್ಲಿ ಬಂದ ಈ ಕಿಟ್‌ಗೆ ತಯಾರಕರ ಬೆಂಬಲ 2008ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಆದರೆ ಅದರಿಂದ ತಯಾರಾದ ತಂತ್ರಾಂಶಗಳು ಇಂದಿಗೂ ವಿಂಡೋಸ್ ಮೇಲೆ ಓಡುತ್ತವೆ. ಓಡುತ್ತಿದೆಯೆಂಬ ಸಮಾಧಾನವೇ ಇಲ್ಲಿ ಮೋಸ ಮಾಡುವುದು. ಬಿಲ್ಲು ಮುದ್ರಣವಾಗುತ್ತಿರುವವರೆಗೆ ಯಾರೂ ಚಿಂತಿಸುವುದಿಲ್ಲ. ಒಂದು ಅಂಕಣ ಸೇರಿಸಬೇಕಾದ ದಿನ ಕಿಟ್‌ನ ಸಿ.ಡಿ. ಸಿಗುವುದಿಲ್ಲ, ಸಿಕ್ಕರೂ ಹೊಸ ವಿಂಡೋಸ್‌ನಲ್ಲಿ ಅದನ್ನು ಸ್ಥಾಪಿಸಲು ಹೆಣಗಬೇಕು, ಸ್ಥಾಪಿಸಿದರೂ ಹಿಂದೆ ಬಳಸಿದ್ದ ಹೊರಗಿನ ಓಸಿಎಕ್ಸ್ ಬಿಡಿಭಾಗಗಳ ಪರವಾನಗಿ ಹಳೆಯ ಪ್ರೋಗ್ರಾಮರ್‌ನ ಗಣಕಯಂತ್ರದಲ್ಲೇ ಉಳಿದಿರುತ್ತದೆ. ತಂತ್ರಾಂಶ ಬದುಕಿದೆ, ಆದರೆ ಅದಕ್ಕೆ ಚಿಕಿತ್ಸೆ ನೀಡುವ ಸಾಧನ ಸತ್ತಿದೆ.

ವಿಂಡೋಸ್ 10ಕ್ಕೆ ಉಚಿತ ಭದ್ರತಾ ಪರಿಷ್ಕರಣೆಗಳ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಅಂತ್ಯಗೊಂಡಿತು. ಅನಂತರದ ವಿಸ್ತರಣೆಯ ವ್ಯವಸ್ಥೆ ತಾತ್ಕಾಲಿಕವಾದುದು. ವಿಂಡೋಸ್ 11 ಸ್ಥಾಪಿಸಲು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅಗತ್ಯವಾದ್ದರಿಂದ, ಸುಸ್ಥಿತಿಯಲ್ಲಿರುವ ಎಷ್ಟೋ ಹಳೆಯ ಗಣಕಯಂತ್ರಗಳು ಅದಕ್ಕೆ ಅರ್ಹವಾಗುವುದಿಲ್ಲ. ಗಣಕಯಂತ್ರಗಳನ್ನು ಬದಲಾಯಿಸಬೇಕೆ, ಅಥವಾ ಕೆಲವನ್ನಾದರೂ ಲಿನಕ್ಸ್‌ಗೆ ಪರಿವರ್ತಿಸಿ ಇನ್ನಷ್ಟು ವರ್ಷ ಬಳಸಬೇಕೆ ಎಂಬುದು ಸಣ್ಣ ಸಂಸ್ಥೆಗಳಿಗೆ ಬಂಡವಾಳದ ಪ್ರಶ್ನೆಯೇ ಆಗಿದೆ. ಈ ಆಯ್ಕೆ ಉದ್ಯಮಿಯ ಕೈಯಲ್ಲಿ ಉಳಿಯಬೇಕಾದರೆ ಆತನ ತಂತ್ರಾಂಶವೂ ಅದರ ಕಿಟ್ ಕೂಡ ಒಂದಕ್ಕಿಂತ ಹೆಚ್ಚು ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಕೆಲಸ ಮಾಡುವಂತಿರಬೇಕು.

ಮೂರು ವ್ಯವಸ್ಥೆ, ಮೂರು ಪದ್ಧತಿ

ಇಂದು ಇಂತಹ ಕಿಟ್‌ಗಳಿಗೆ ಕೊರತೆಯಿಲ್ಲ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1995ರಲ್ಲಿ ಜಾವಾ ಭಾಷೆಯನ್ನು ಹೊರತಂದಾಗ ಒಮ್ಮೆ ಬರೆದರೆ ಎಲ್ಲಿ ಬೇಕಾದರೂ ಓಡಿಸಬಹುದು ಎಂಬುದೇ ಅದರ ಘೋಷಣೆಯಾಗಿತ್ತು. ಬಹುಕಾಲ ವಿಂಡೋಸ್‌ಗೆ ಸೀಮಿತವಾಗಿದ್ದ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಸಹ 2016ರ ಜೂನ್‌ನಲ್ಲಿ ಡಾಟ್‌ನೆಟ್ ಕೋರ್ ರೂಪದಲ್ಲಿ ಲಿನಕ್ಸ್ ಮತ್ತು ಮ್ಯಾಕ್‌ಗೂ ಲಭ್ಯವಾಯಿತು. ಎರಡರ ಕಿಟ್‌ಗಳನ್ನೂ ಮೂರೂ ವ್ಯವಸ್ಥೆಗಳಲ್ಲಿ ಸ್ಥಾಪಿಸಬಹುದು. ಆದರೆ ಸ್ಥಾಪಿಸುವ ಪದ್ಧತಿ ಮೂರರಲ್ಲೂ ಒಂದೇ ಅಲ್ಲ.

ಜಾವಾ ಕಿಟ್ಟನ್ನೇ ತೆಗೆದುಕೊಂಡರೆ, ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಕಡತವನ್ನು ಓಡಿಸಿದ ಬಳಿಕ ಕಿಟ್ ಎಲ್ಲಿದೆಯೆಂಬುದನ್ನು ಜಾವಾ ಹೋಮ್ ಮತ್ತು ಪಾಥ್ ಎಂಬ ಎರಡು ಸೆಟ್ಟಿಂಗ್‌ಗಳಲ್ಲಿ ನಮೂದಿಸಬೇಕಾಗಬಹುದು. ಹಳೆಯ ಜಾವಾ ಅದೇ ಯಂತ್ರದಲ್ಲಿದ್ದು ಪಾಥ್‌ನಲ್ಲಿ ಮೊದಲು ಕಾಣಿಸಿಕೊಂಡರೆ, ಹೊಸದನ್ನು ಸ್ಥಾಪಿಸಿಯೂ ಹಳೆಯದೇ ಓಡುತ್ತಿರುತ್ತದೆ. ಉಬುಂಟುವಿನಂತಹ ಲಿನಕ್ಸ್‌ನಲ್ಲಿ ಒಂದೇ ಸಾಲಿನ ಆದೇಶದಿಂದ ಕಿಟ್ ಸ್ಥಾಪನೆಯಾಗುತ್ತದೆ. ಭದ್ರತಾ ಪರಿಷ್ಕರಣೆಗಳೂ ವ್ಯವಸ್ಥೆಯ ಇತರ ಪರಿಷ್ಕರಣೆಗಳೊಡನೆಯೇ ಬರುತ್ತವೆ. ಮ್ಯಾಕ್‌ನಲ್ಲಿ ಯಂತ್ರವು ಇಂಟೆಲ್ ಪ್ರೊಸೆಸರಿನದೋ 2020ರ ನವೆಂಬರ್ ನಂತರ ಬಂದ ಆಪಲ್ ಪ್ರೊಸೆಸರಿನದೋ ಎಂಬುದನ್ನು ನೋಡಿಕೊಂಡು ತಕ್ಕ ಕಡತವನ್ನು ಆರಿಸಬೇಕು.

ಕಿಟ್ ಸ್ಥಾಪನೆಯಾದ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ವಿಂಡೋಸ್‌ನಲ್ಲಿ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಲಿನಕ್ಸ್‌ನಲ್ಲಿ ಅವೆರಡೂ ಬೇರೆ ಬೇರೆ ಕಡತಗಳು. ಪ್ರೋಗ್ರಾಮರ್ ಒಂದು ಕಡೆ ದೊಡ್ಡಕ್ಷರದಲ್ಲೂ ಇನ್ನೊಂದು ಕಡೆ ಚಿಕ್ಕಕ್ಷರದಲ್ಲೂ ಬರೆದಿದ್ದರೆ ವಿಂಡೋಸ್‌ನಲ್ಲಿ ಓಡಿದ ತಂತ್ರಾಂಶ ಲಿನಕ್ಸ್‌ನಲ್ಲಿ ಕಡತ ಸಿಗಲಿಲ್ಲವೆಂದು ನಿಂತುಬಿಡುತ್ತದೆ. ವೇಬ್ರಿಡ್ಜ್ ಅಥವಾ ಎಲೆಕ್ಟ್ರಾನಿಕ್ ತಕ್ಕಡಿಯಿಂದ ತೂಕವನ್ನು ನೇರವಾಗಿ ಬಿಲ್ಲಿಗೆ ತರುವ ತಂತ್ರಾಂಶದಲ್ಲಿ ಇನ್ನೊಂದು ತೊಡಕಿದೆ. ವಿಂಡೋಸ್‌ನಲ್ಲಿ ಕಾಮ್ 1, ಕಾಮ್ 3 ಎಂದು ಕರೆಯಲ್ಪಡುವ ಸೀರಿಯಲ್ ಪೋರ್ಟ್‌ಗೆ ಲಿನಕ್ಸ್‌ನಲ್ಲಿ ಟಿಟಿವೈ ಎಂದು ಆರಂಭವಾಗುವ ಬೇರೆ ಹೆಸರಿದೆ. ಉಬುಂಟುವಿನಲ್ಲಿ ಅದನ್ನು ಬಳಸಲು ಆ ಬಳಕೆದಾರನಿಗೆ ಪ್ರತ್ಯೇಕ ಅನುಮತಿಯನ್ನೂ ನೀಡಬೇಕು. ಡಾಟ್‌ನೆಟ್‌ನಲ್ಲಿ ವಿಂಡೋಸ್ ಫಾರ್ಮ್ಸ್ ಎಂಬ ಪದ್ಧತಿಯಿಂದ ಮಾಡಿದ ಪರದೆಗಳು, ಕಿಟ್ ಎಷ್ಟೇ ಹೊಸದಾಗಿದ್ದರೂ, ವಿಂಡೋಸ್‌ನಲ್ಲಿ ಮಾತ್ರ ಓಡುತ್ತವೆ. "ಡಾಟ್‌ನೆಟ್ ಎಲ್ಲ ಕಡೆ ನಡೆಯುತ್ತದೆ" ಎಂಬ ಆಶ್ವಾಸನೆಯನ್ನು ನಂಬುವ ಮುನ್ನ ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಲೇಸು.

ಕನ್ನಡದಲ್ಲಿ ಬಿಲ್ಲು, ರಸೀದಿ ಮುದ್ರಿಸುವವರು ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ ಮೊದಲಾದವುಗಳ ಫಾಂಟ್ ಸಂಕೇತಗಳಲ್ಲಿ ಶೇಖರಿಸಿದ ಹೆಸರು, ವಿಳಾಸಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತವೆ. ಯೂನಿಕೋಡ್ ಕನ್ನಡವನ್ನಾದರೋ ಮೂರೂ ವ್ಯವಸ್ಥೆಗಳು ಬಲ್ಲವು. ಹಳೆಯ ದತ್ತಾಂಶವನ್ನು ಯೂನಿಕೋಡ್‌ಗೆ ಪರಿವರ್ತಿಸಿಡುವ ಕೆಲಸವನ್ನು ಮುಂದೂಡಿದಷ್ಟೂ ಪರಿವರ್ತಿಸಬೇಕಾದ ರಾಶಿ ಬೆಳೆಯುತ್ತದೆ.

ಉಚಿತವೆಂಬುದರ ಬೆಲೆ

ಕಿಟ್ ಸ್ಥಾಪನೆಯಲ್ಲಿ ತಾಂತ್ರಿಕ ತೊಡಕಿಗಿಂತ ಪರವಾನಗಿಯ ತೊಡಕು ಹೆಚ್ಚು ದುಬಾರಿಯಾಗಬಹುದು. 2010ರಲ್ಲಿ ಸನ್ ಸಂಸ್ಥೆಯನ್ನು ಸ್ವಾಧೀನಪಡಿಸಿಕೊಂಡ ಒರಾಕಲ್, 2019ರ ಏಪ್ರಿಲ್‌ನಿಂದ ಜಾವಾ 8ರ ಹೊಸ ಪರಿಷ್ಕರಣೆಗಳನ್ನು ವಾಣಿಜ್ಯ ಬಳಕೆಗೆ ಉಚಿತವಾಗಿ ನೀಡುವುದನ್ನು ನಿಲ್ಲಿಸಿತು. 2023ರ ಜನವರಿಯಲ್ಲಿ ಶುಲ್ಕದ ಆಧಾರವನ್ನೇ ಬದಲಿಸಿತು. ಜಾವಾ ಬಳಸುವವರ ಸಂಖ್ಯೆಗೆ ಬದಲಾಗಿ ಸಂಸ್ಥೆಯ ಒಟ್ಟು ನೌಕರರ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಬಂತು. ಅಂದಿನ ಪಟ್ಟಿಯ ದರದಂತೆ ಸಾವಿರಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ತಲೆಗೆ ತಿಂಗಳಿಗೆ 15 ಡಾಲರ್. ಇಬ್ಬರು ಗುಮಾಸ್ತರಷ್ಟೇ ಆ ತಂತ್ರಾಂಶವನ್ನು ಮುಟ್ಟುವ, 40 ನೌಕರರ ಕಾರ್ಖಾನೆಯ ಲೆಕ್ಕ ತಿಂಗಳಿಗೆ 600 ಡಾಲರ್ ಆಗುತ್ತದೆ. ಜಾವಾದ ಹೊಸ ದೀರ್ಘಾವಧಿ ಆವೃತ್ತಿಗಳನ್ನು ಒರಾಕಲ್ ನಿರ್ದಿಷ್ಟ ಕಾಲದವರೆಗೆ ಉಚಿತವಾಗಿಯೂ ನೀಡುತ್ತಿದೆ. ಆ ಕಾಲ ಮುಗಿದ ಮೇಲೆ ಷರತ್ತು ಬದಲಾಗುತ್ತದೆ.

ಈ ವೆಚ್ಚ ಅನಿವಾರ್ಯವೇನೂ ಅಲ್ಲ. ಅದೇ ಜಾವಾದ ಮುಕ್ತ ರೂಪವಾದ ಓಪನ್ ಜೆಡಿಕೆ ಇದೆ. ಎಕ್ಲಿಪ್ಸ್ ಟೆಮುರಿನ್, ಅಮೆಜಾನ್ ಕೊರೆಟ್ಟೊ ಮೊದಲಾದ ಹೆಸರುಗಳಲ್ಲಿ ಅದರ ಸಿದ್ಧ ಕಿಟ್‌ಗಳು ಮೂರೂ ವ್ಯವಸ್ಥೆಗಳಿಗೆ ಶುಲ್ಕವಿಲ್ಲದೆ ದೊರೆಯುತ್ತವೆ. ಬಹುತೇಕ ವ್ಯಾಪಾರಿ ತಂತ್ರಾಂಶಗಳಿಗೆ ಇವು ಸಾಕು. ಯಾವ ಕಿಟ್ಟನ್ನು ಎಲ್ಲಿಂದ ಇಳಿಸಿಕೊಳ್ಳಲಾಯಿತು ಎಂಬ ಒಂದು ಸಾಲಿನ ದಾಖಲೆಯೇ ಇಲ್ಲಿ ವರ್ಷದ ಖರ್ಚನ್ನು ನಿರ್ಧರಿಸುತ್ತದೆ.

ಡಾಟ್‌ನೆಟ್ ಕಿಟ್ ಮುಕ್ತ ಪರವಾನಗಿಯದು. ಆದರೆ ಅದರೊಡನೆ ಬಳಸುವ ವಿಷುಯಲ್ ಸ್ಟುಡಿಯೊದ ಕಮ್ಯೂನಿಟಿ ಆವೃತ್ತಿಗೆ ಷರತ್ತುಗಳಿವೆ. 250ಕ್ಕಿಂತ ಹೆಚ್ಚು ಗಣಕಯಂತ್ರಗಳಿರುವ ಅಥವಾ ವಾರ್ಷಿಕ ಆದಾಯ 10 ಲಕ್ಷ ಅಮೆರಿಕನ್ ಡಾಲರ್ ಮೀರಿದ ಸಂಸ್ಥೆಯನ್ನು ಅದು ದೊಡ್ಡ ಉದ್ಯಮವೆಂದು ಪರಿಗಣಿಸುತ್ತದೆ. ಅಂತಹ ಸಂಸ್ಥೆಯು ತನ್ನ ವ್ಯವಹಾರದ ತಂತ್ರಾಂಶ ತಯಾರಿಕೆಗೆ ಈ ಉಚಿತ ಆವೃತ್ತಿಯನ್ನು ಬಳಸುವಂತಿಲ್ಲ. ಭಾರತದಲ್ಲಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಎಂಎಸ್‌ಎಂಇ ವರ್ಗೀಕರಣದಲ್ಲಿ 10 ಕೋಟಿ ರೂಪಾಯಿವರೆಗಿನ ವಹಿವಾಟು ಸೂಕ್ಷ್ಮ ಉದ್ಯಮದ ಮಿತಿಯೊಳಗೇ ಇದೆ. ಸರ್ಕಾರದ ಕಣ್ಣಿಗೆ ಸೂಕ್ಷ್ಮವಾದ ಘಟಕವು ಪರವಾನಗಿ ಪತ್ರದ ಕಣ್ಣಿಗೆ ದೊಡ್ಡ ಉದ್ಯಮವಾಗಿ ತೋರುವ ವಿಚಿತ್ರ ಸನ್ನಿವೇಶ ಹೀಗೆ ಉಂಟಾಗಬಹುದು. ಷರತ್ತಿಲ್ಲದೆ ಬಳಸಬಹುದಾದ ಎಡಿಟರ್‌ಗಳು ಲಭ್ಯವಿವೆ. ಆದರೆ ಆಯ್ಕೆಯನ್ನು ಆರಂಭದಲ್ಲೇ ಮಾಡಬೇಕು.

ಮೊಬೈಲ್ ಆ್ಯಪ್‌ನ ವಿಷಯದಲ್ಲಿ

ಆರ್ಡರ್ ಪಡೆಯಲು, ಬಾಕಿ ವಸೂಲಿಗೆ, ದಾಸ್ತಾನು ನೋಡಲು ಮೊಬೈಲ್ ಆ್ಯಪ್ ಮಾಡಿಸುವ ವರ್ತಕರಿಗೂ ಈ ಮಾತು ಅನ್ವಯಿಸುತ್ತದೆ. ಆ್ಯಂಡ್ರಾಯ್ಡ್ ಕಿಟ್ ಮೂರೂ ವ್ಯವಸ್ಥೆಗಳಲ್ಲಿ ನಡೆಯುತ್ತದೆ. ಐಫೋನ್ ಆ್ಯಪ್‌ಗೆ ಬೇಕಾದ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ಸ್ಥಾಪನೆಯಾಗುತ್ತದೆ. ಒಂದೇ ಕೋಡ್‌ನಿಂದ ಎರಡೂ ಬಗೆಯ ಆ್ಯಪ್ ತಯಾರಿಸುವ ಫ್ಲಟರ್‌ನಂತಹ ಕಿಟ್ ಬಳಸಿದರೂ ಐಫೋನಿನ ಕೊನೆಯ ಹಂತಕ್ಕೆ ಮ್ಯಾಕ್ ಯಂತ್ರವನ್ನು ಕೊಳ್ಳಬೇಕು ಅಥವಾ ಬಾಡಿಗೆಗೆ ಪಡೆಯಬೇಕು. ಅಂದಾಜು ಪಟ್ಟಿಯಲ್ಲಿ ಈ ಖರ್ಚು ಕಾಣದಿದ್ದರೆ ಮುಂದೊಂದು ದಿನ ಬೇರೆ ಹೆಸರಿನಲ್ಲಿ ಕಾಣುತ್ತದೆ.

ಇಂದಿನ ಕಿಟ್‌ಗಳು ತಮಗೆ ಬೇಕಾದ ಲೈಬ್ರರಿಗಳನ್ನು ಅಂತರಜಾಲದ ಉಗ್ರಾಣಗಳಿಂದ ತಾವೇ ತರಿಸಿಕೊಳ್ಳುತ್ತವೆ. ಆ ಉಗ್ರಾಣಗಳೂ ಶಾಶ್ವತವಲ್ಲ. ಆ್ಯಂಡ್ರಾಯ್ಡ್ ಪ್ರೋಗ್ರಾಮರ್‌ಗಳು ಹೆಚ್ಚಾಗಿ ನೆಚ್ಚಿಕೊಂಡಿದ್ದ ಜೆಸೆಂಟರ್ ಎಂಬ ಉಗ್ರಾಣವನ್ನು ಮುಚ್ಚುವುದಾಗಿ 2021ರ ಫೆಬ್ರವರಿಯಲ್ಲಿ ಪ್ರಕಟಿಸಲಾಯಿತು. ಅದನ್ನು ಆಧರಿಸಿದ ಹಳೆಯ ಆ್ಯಪ್‌ಗಳ ಕೋಡ್ ತಿದ್ದದೆ ಅವುಗಳನ್ನು ಮತ್ತೆ ತಯಾರಿಸುವ ಭರವಸೆ ಉಳಿಯಲಿಲ್ಲ. ಆದಕಾರಣ ಕಿಟ್‌ನೊಡನೆ ಅದು ತರಿಸಿಕೊಂಡ ಲೈಬ್ರರಿಗಳ ಪ್ರತಿಯನ್ನೂ ಸಂಸ್ಥೆಯು ತನ್ನಲ್ಲಿ ಇರಿಸಿಕೊಳ್ಳುವುದು ಕ್ಷೇಮ.

ಆಕ್ಷೇಪಗಳೂ ಸಮಾಧಾನವೂ

ಇಷ್ಟೆಲ್ಲ ತಲೆನೋವು ಸಣ್ಣ ವ್ಯಾಪಾರಿಗೆ ಏಕೆ ಎಂಬ ಆಕ್ಷೇಪ ಸಹಜ. ಲೆಕ್ಕಪತ್ರ ಟ್ಯಾಲಿಯಲ್ಲಿದೆ, ಟ್ಯಾಲಿ ವಿಂಡೋಸ್‌ನಲ್ಲಿದೆ, ಲೆಕ್ಕಪರಿಶೋಧಕರೂ ಅದನ್ನೇ ಬಲ್ಲರು. ಹೀಗಿರುವಾಗ ಲಿನಕ್ಸ್, ಮ್ಯಾಕ್‌ಗಳ ಗೊಡವೆ ಬೇಡವೆಂಬುದು ಒಂದು ವಾದ. ಇದರಲ್ಲಿ ಸತ್ಯಾಂಶವಿದೆ. ಸಿದ್ಧ ತಂತ್ರಾಂಶ ಓಡುವ ಯಂತ್ರವನ್ನು ಬದಲಿಸಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಹಣ ತೆತ್ತು ಹೊಸದಾಗಿ ಬರೆಯಿಸುವ ತಂತ್ರಾಂಶಕ್ಕೂ ಅದೇ ಕಟ್ಟನ್ನು ಹಾಕಿಕೊಳ್ಳಬೇಕಾದ ಅವಶ್ಯಕತೆ ಇಲ್ಲ.

ಈಗ ಎಲ್ಲವೂ ಕ್ಲೌಡ್‌ನಲ್ಲಿರುವುದರಿಂದ ಆಪರೇಟಿಂಗ್ ಸಿಸ್ಟಮ್‌ನ ಚಿಂತೆಯೇ ಇಲ್ಲವೆಂಬುದು ಮತ್ತೊಂದು ವಾದ. ವಾಸ್ತವ ಇದಕ್ಕೆ ತದ್ವಿರುದ್ಧ. ಕ್ಲೌಡ್ ಸರ್ವರ್‌ಗಳಲ್ಲಿ ಲಿನಕ್ಸ್ ವ್ಯಾಪಕವಾಗಿ ಬಳಕೆಯಲ್ಲಿದೆ. ಅವುಗಳಿಗೆ ತಂತ್ರಾಂಶ ಬರೆಯುವ ಯಂತ್ರ ಹಲವು ಸಲ ವಿಂಡೋಸ್‌ನದು. ಮೇಲೆ ಹೇಳಿದ ಅಕ್ಷರಭೇದದ ತೊಡಕು ಸರಿಯಾಗಿ ಅಲ್ಲಿಯೇ ತಲೆಯೆತ್ತುತ್ತದೆ.

"ನಮ್ಮ ಹುಡುಗನೇ ಮಾಡಿಕೊಟ್ಟದ್ದು, ಕರೆದರೆ ಬರುತ್ತಾನೆ" ಎಂಬ ಮೂರನೆಯ ವಾದಕ್ಕೆ ಉತ್ತರ ಹೇಳುವುದು ಕಷ್ಟ, ಏಕೆಂದರೆ ಅದರಲ್ಲಿ ವಿಶ್ವಾಸವಿದೆ. ವಿಶ್ವಾಸ ವ್ಯಾಪಾರದ ಬಂಡವಾಳವೇ ಸರಿ. ಆದರೆ ವಿಶ್ವಾಸವಿದ್ದರೂ ಗೋದಾಮಿನ ಬೀಗದ ಇನ್ನೊಂದು ಕೈಯನ್ನು ಮಾಲೀಕ ತನ್ನಲ್ಲಿ ಇಟ್ಟುಕೊಳ್ಳುತ್ತಾನೆ. ಇ-ಇನ್‌ವಾಯ್ಸ್ ಕಡ್ಡಾಯವಾಗುವ ವಹಿವಾಟಿನ ಮಿತಿ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಇದ್ದುದು ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂದಿದೆ. 2025ರ ಏಪ್ರಿಲ್‌ನಿಂದ 10 ಕೋಟಿ ಮತ್ತು ಅದಕ್ಕಿಂತ ಹೆಚ್ಚು ವಹಿವಾಟಿನವರು ಇನ್‌ವಾಯ್ಸ್‌ನ ದಿನಾಂಕದಿಂದ 30 ದಿನಗಳೊಳಗೆ ಅದನ್ನು ಪೋರ್ಟಲ್‌ನಲ್ಲಿ ದಾಖಲಿಸಬೇಕಾಗಿದೆ. ನಿಯಮಗಳು ಹೀಗೆ ಬದಲಾಗುವಾಗ ತಂತ್ರಾಂಶ ತಿದ್ದುವ ಸಾಮರ್ಥ್ಯವು ಅನುಕೂಲದ ಮಾತಾಗಿ ಉಳಿಯದೆ ಮಾಲು ಹೊರಗೆ ಹೋಗುವ ಮಾತೇ ಆಗುತ್ತದೆ.

ಆರ್ಡರಿನಲ್ಲಿಯೇ ಇರಬೇಕಾದ ಷರತ್ತುಗಳು

ಪರಿಹಾರವು ತಾಂತ್ರಿಕ ಜ್ಞಾನಕ್ಕಿಂತ ಹೆಚ್ಚಾಗಿ ಖರೀದಿಯ ಶಿಸ್ತನ್ನು ಬಯಸುತ್ತದೆ. ತಂತ್ರಾಂಶಕ್ಕೆ ಆರ್ಡರ್ ನೀಡುವಾಗ ಈ ಕೆಳಗಿನ ಅಂಶಗಳನ್ನು ಲಿಖಿತವಾಗಿ ಸೇರಿಸುವುದು ಸೂಕ್ತ:

1. ಬಳಸುವ ಕಿಟ್‌ನ ಹೆಸರು, ನಿಖರ ಆವೃತ್ತಿ, ಅದರ ಬೆಂಬಲ ಮುಗಿಯುವ ದಿನಾಂಕ ಮತ್ತು ಪರವಾನಗಿಯ ಸ್ವರೂಪ.

2. ತಂತ್ರಾಂಶ ಓಡಬೇಕಾದ ಆಪರೇಟಿಂಗ್ ಸಿಸ್ಟಮ್‌ಗಳು. ಕನಿಷ್ಠ ಎರಡರಲ್ಲಿ ಕಿಟ್ ಸ್ಥಾಪಿಸಿ ತಂತ್ರಾಂಶವನ್ನು ತಯಾರಿಸಿ ತೋರಿಸತಕ್ಕದ್ದು. ಒಂದರಲ್ಲಿ ಮಾತ್ರ ಸಾಧ್ಯವಾದರೆ ಅದಕ್ಕೆ ಕಾರಣವನ್ನು ಬರೆದುಕೊಡತಕ್ಕದ್ದು.

3. ಖಾಲಿ ಯಂತ್ರದಿಂದ ಆರಂಭಿಸಿ ಮೊದಲ ಬಿಲ್ಲು ಮುದ್ರಣವಾಗುವವರೆಗಿನ ಪ್ರತಿ ಹಂತವನ್ನೂ ವಿವರಿಸುವ ಸ್ಥಾಪನಾ ಪತ್ರ.

4. ಸೋರ್ಸ್ ಕೋಡ್, ಲೈಬ್ರರಿಗಳು ಮತ್ತು ಕಿಟ್‌ನ ಇನ್‌ಸ್ಟಾಲರ್‌ಗಳ ಪೂರ್ಣ ಪ್ರತಿ. ಆ್ಯಪ್ ಸ್ಟೋರ್ ಖಾತೆಗಳು ಮತ್ತು ಪಾಸ್‌ವರ್ಡ್‌ಗಳು ಸಂಸ್ಥೆಯ ಹೆಸರಿನಲ್ಲಿಯೇ ಇರತಕ್ಕದ್ದು.

5. ಕೊನೆಯ ಕಂತಿನ ಹಣ ಸ್ಥಾಪನಾ ಪತ್ರದ ಪರೀಕ್ಷೆ ಯಶಸ್ವಿಯಾದ ಬಳಿಕ.

6. ಕೃತಿಸ್ವಾಮ್ಯದ ವರ್ಗಾವಣೆ.

ಕೊನೆಯ ಅಂಶಕ್ಕೆ ವಿಶೇಷ ಗಮನ ಅಗತ್ಯ. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಗಣಕ ತಂತ್ರಾಂಶವೂ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಸಂಬಳದ ನೌಕರನು ತನ್ನ ಕೆಲಸದ ಭಾಗವಾಗಿ ಬರೆದ ಕೋಡ್‌ನ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, 17ನೆಯ ಪ್ರಕರಣದಂತೆ ಮಾಲೀಕನಿಗೆ ಸೇರುತ್ತದೆ. ಆದರೆ ಹೊರಗಿನ ಸ್ವತಂತ್ರ ಪ್ರೋಗ್ರಾಮರ್ ಬರೆದದ್ದರ ಹಕ್ಕು, ಹಣ ಸಂದಾಯವಾಗಿದ್ದರೂ, ಸಾಮಾನ್ಯವಾಗಿ ಆತನದೇ. ಅದನ್ನು ಪಡೆಯಬೇಕಾದರೆ 19ನೆಯ ಪ್ರಕರಣದಂತೆ ಆತನ ಸಹಿಯುಳ್ಳ ಲಿಖಿತ ವರ್ಗಾವಣೆ ಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೂ, ವ್ಯಾಪ್ತಿಯನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾನೂನು ಭಾವಿಸುತ್ತದೆ. ಹಣ ಕೊಟ್ಟವನೇ ಒಡೆಯನೆಂಬ ನಂಬಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ವರ್ಷಕ್ಕೊಮ್ಮೆ ಒಂದು ಪರೀಕ್ಷೆ

ಕಾಗದದ ಮೇಲಿನ ಷರತ್ತು ಪರೀಕ್ಷೆಗೆ ಒಳಪಡದಿದ್ದರೆ ನಿಷ್ಫಲ. ಡೀಸೆಲ್ ಜನರೇಟರನ್ನು ವಿದ್ಯುತ್ ಹೋಗುವ ಮುನ್ನವೇ ಆಗಾಗ ಓಡಿಸಿ ನೋಡುವ ಪದ್ಧತಿ ಕಾರ್ಖಾನೆಗಳಲ್ಲಿದೆ. ಹಾಗೆಯೇ ವರ್ಷಕ್ಕೊಮ್ಮೆ, ತಂತ್ರಾಂಶ ಬರೆದವರಲ್ಲದ ಬೇರೊಬ್ಬರು, ಸ್ಥಾಪನಾ ಪತ್ರವನ್ನಷ್ಟೇ ಕೈಯಲ್ಲಿ ಹಿಡಿದು ಖಾಲಿ ಯಂತ್ರದಲ್ಲಿ ಕಿಟ್ ಸ್ಥಾಪಿಸಿ, ತಂತ್ರಾಂಶವನ್ನು ಹೊಸದಾಗಿ ತಯಾರಿಸಿ, ಒಂದು ಮಾದರಿ ಬಿಲ್ಲನ್ನು ಮುದ್ರಿಸಬೇಕು. ಎಲ್ಲಿ ನಿಂತಿತೋ ಅಲ್ಲಿ ಸ್ಥಾಪನಾ ಪತ್ರವನ್ನು ತಿದ್ದಬೇಕು. ಲಿನಕ್ಸ್ ಪರೀಕ್ಷೆಗೆ ಪ್ರತ್ಯೇಕ ಯಂತ್ರವೂ ಬೇಕಿಲ್ಲ. ವಿಂಡೋಸ್ ಒಳಗೆಯೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯ 2016ರಿಂದ ಲಭ್ಯವಿದೆ. ತಕ್ಕಡಿ, ಪ್ರಿಂಟರ್‌ಗಳಂತಹ ಸಾಧನಗಳ ಪರೀಕ್ಷೆಗೆ ಮಾತ್ರ ನಿಜವಾದ ಲಿನಕ್ಸ್ ಯಂತ್ರವೇ ಉತ್ತಮ; ವಿಂಡೋಸ್ 11ಕ್ಕೆ ಅರ್ಹವಾಗದ ಹಳೆಯ ಗಣಕಯಂತ್ರವೊಂದು ಇದಕ್ಕೆ ಧಾರಾಳವಾಗಿ ಸಾಕು.

ವಾಣಿಜ್ಯ ಸಂಸ್ಥೆಗಳ ಹೊಣೆ

ಪ್ರತಿಯೊಂದು ಸಣ್ಣ ಘಟಕವೂ ಈ ವಿದ್ಯೆಯನ್ನು ಒಂಟಿಯಾಗಿ ಕಲಿಯಬೇಕೆನ್ನುವುದು ನ್ಯಾಯವಲ್ಲ. ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಇಲ್ಲಿ ಮೂರು ಕೆಲಸಗಳನ್ನು ಮಾಡಬಹುದು. ಮೇಲಿನ ಅಂಶಗಳನ್ನೊಳಗೊಂಡ ಮಾದರಿ ಒಪ್ಪಂದವನ್ನು ವಕೀಲರ ನೆರವಿನಿಂದ ಸಿದ್ಧಪಡಿಸಿ ಸದಸ್ಯರಿಗೆ ಕನ್ನಡದಲ್ಲಿಯೂ ಒದಗಿಸುವುದು ಮೊದಲನೆಯದು. ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಿರುವ ಒಂದು ಸಣ್ಣ ಪರೀಕ್ಷಾ ಕೊಠಡಿಯನ್ನು ತೆರೆದು ಸದಸ್ಯರ ತಂತ್ರಾಂಶಗಳ ವಾರ್ಷಿಕ ಪರೀಕ್ಷೆಗೆ ಅವಕಾಶ ನೀಡುವುದು ಎರಡನೆಯದು. ಸದಸ್ಯರಲ್ಲಿ ಹೆಚ್ಚಿನವರು ಮ್ಯಾಕ್ ಕೊಳ್ಳಬೇಕಾಗಿಲ್ಲ. ಒಂದು ಮ್ಯಾಕ್ ಹಲವರಿಗೆ ಸಾಕು. ಇಂಟರ್ನ್‌ಶಿಪ್ ಪಠ್ಯಕ್ರಮದ ಭಾಗವಾಗಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೊಡನೆ ಕೈಜೋಡಿಸಿ, ಸದಸ್ಯ ಸಂಸ್ಥೆಗಳ ಸ್ಥಾಪನಾ ಪತ್ರಗಳನ್ನು ಪರೀಕ್ಷಿಸುವ ಕೆಲಸವನ್ನು ವಿದ್ಯಾರ್ಥಿಗಳಿಗೆ ವಹಿಸುವುದು ಮೂರನೆಯದು. ಪುಸ್ತಕದಲ್ಲಿ ಕಿಟ್ ಸ್ಥಾಪನೆ ಕಲಿತ ವಿದ್ಯಾರ್ಥಿಗೆ ನಿಜವಾದ ವೇಬ್ರಿಡ್ಜ್ ಬಿಲ್ಲಿನ ಮುಂದೆ ಕುಳಿತು ಕಲಿಯುವುದು ಬಹಳಷ್ಟಿರುತ್ತದೆ. ಸಂಸ್ಥೆಗೂ ಗೌಪ್ಯತೆಯ ಕರಾರಿನೊಡನೆ ಕಡಿಮೆ ವೆಚ್ಚದಲ್ಲಿ ಕೆಲಸವಾಗುತ್ತದೆ.

ಯಂತ್ರ ಕೊಳ್ಳುವಾಗ ಅದರ ಸ್ಪ್ಯಾನರ್, ಮ್ಯಾನ್ಯುಯಲ್, ಬಿಡಿಭಾಗಗಳ ಪಟ್ಟಿಯನ್ನು ಕೇಳಿ ಪಡೆಯದ ಉದ್ಯಮಿ ಯಾರೂ ಇಲ್ಲ. ತಂತ್ರಾಂಶವೂ ಒಂದು ಯಂತ್ರವೇ. ಅದನ್ನು ಬಿಚ್ಚಿ ಜೋಡಿಸುವ ಕಿಟ್, ಆ ಕಿಟ್ಟನ್ನು ಕೂರಿಸುವ ವಿಧಾನ, ಎರಡನೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿಯೂ ಅದು ಕೂರುತ್ತದೆಂಬ ಖಾತರಿ, ಇವು ಮೂರನ್ನೂ ಕೇಳಿ ಪಡೆಯುವುದು ಖರೀದಿದಾರನ ಹಕ್ಕು. ಮುಂದಿನ ದರ ಪರಿಷ್ಕರಣೆಗೆ 19 ದಿನಗಳಷ್ಟಾದರೂ ಅವಕಾಶ ಸಿಗುವುದೆಂಬ ಭರವಸೆ ಇಲ್ಲ. ಆರ್ಡರ್ ಪುಸ್ತಕದಲ್ಲಿ ಇಂದು ಸೇರಿಸುವ ಆರು ಸಾಲುಗಳು ಅಂದು ಬಿಲ್ಲಿಂಗ್ ನಿಲ್ಲದಂತೆ ಕಾಯುತ್ತವೆ.